ಭಟ್ಟಿಗೆ ತೆಗೆದ ದೃಷ್ಟಿ

ಬೋರವ್ವನಿಗೆ ಬೂದಿಯೆಂದರೆ ಪಾತ್ರೆ ತಿಕ್ಕುವ ಬೂದಿ, ಅಷ್ಟೇ. ಅದನ್ನು ತೊಳೆದು, ಸೋಸಿ, ಬಟ್ಟಲಿಗೆ ಬಳಿಯುವ ಹುಚ್ಚನೊಬ್ಬ ತನ್ನ ಮನೆಯಲ್ಲೇ ಬೆಳೆಯುತ್ತಿದ್ದಾನೆಂದು ಅವಳಿಗೇನು ಗೊತ್ತು! ತೀರಿಹೋದ ಅಕ್ಕನ ಮಗ ಚಂದಪ್ಪನನ್ನು ಮಕ್ಕಳಿಲ್ಲದ ಅವಳೇ ಸಾಕಿದ್ದಳು. ೧೯೭೮ರಲ್ಲಿ ಅವನು ಮುಂಬಯಿಯಲ್ಲಿ ಪಿಂಗಾಣಿ ಕೆಲಸ ಕಲಿತು ಕಲಾದಗಿಗೆ ಮರಳಿ, ಹಿತ್ತಲಲ್ಲಿ ಬಟ್ಟಲು ಸುಡುವ ಭಟ್ಟಿ ಕಟ್ಟಿದ. ಚೀನಾ, ಕೊರಿಯಾದವರು ಬೂದಿ ಬೆರೆಸಿದ ಮೆರುಗಿನ ಲೇಪ ಬಳಿದು ಸುಟ್ಟರೆ ಬಿಳಿ ಪಿಂಗಾಣಿಯ ಮೇಲೆ ತಿಳಿಹಸಿರು ಏಳುತ್ತಿತ್ತಂತೆ. ಅದನ್ನು ನಮ್ಮ ತೊಗರಿಕಟ್ಟಿಗೆಯ ಬೂದಿಯಿಂದಲೇ ತರಬೇಕೆಂಬುದು ಅವನ ಹಟ.

ಊರಿನವರಿಗೆ ನಗಲು ಇಷ್ಟು ಸಾಕಾಯಿತು. "ಗಡಿಗಿ ಮಾಡೂದು ಕಲ್ಯಾಕ ಮುಂಬೈಗೆ ಹೋಗಿದ್ನಂತ!" ಬೋರವ್ವ ಮಾತ್ರ ಸೆರಗು ಕಟ್ಟಿ ಬೂದಿ ಸೋಸಿದಳು.

ಹಸಿರು ಬರಲಿಲ್ಲ. ಬಟ್ಟಲುಗಳ ಮೈಯೆಲ್ಲ ಕಂದು, ಸಿಡುಬಿನ ಕಲೆಯಂಥ ತಗ್ಗು. ಬೂದಿ ಬದಲಿಸಿದ, ಮಣ್ಣು ಬದಲಿಸಿದ, ಮತ್ತೆ ಅದೇ ಗತಿ. ತನ್ನ ಕೈಯೇ ಸರಿಯಿಲ್ಲವೆಂದು ಸೊರಗಿಹೋದ.

"ಈ ಸಲಾನೂ ಬರಲಿಲ್ಲಂದ್ರ ಭಟ್ಟಿ ಒಡದು ಹಾಕ್ತೇನಿ, ಚಿಗವ್ವ. ಎಲ್ಲೆರೆ ನೌಕರಿ ಹಿಡೀತೇನಿ."

ಆ ಸಲದ್ದಂತೂ ಎಲ್ಲಕ್ಕಿಂತ ಕೆಟ್ಟದಾಗಿತ್ತು. ಚಂದಪ್ಪ ಹಾರೆ ಎತ್ತಿಕೊಂಡ. ಭಟ್ಟಿಯ ಅರ್ಧ ಗೋಡೆ ಉರುಳುವಷ್ಟರಲ್ಲಿ ಬೋರವ್ವ ಎದೆ ಬಡಿದುಕೊಂಡು ಅತ್ತಳು.

"ಯಾರ ಕಣ್ಣೋ ಯಪ್ಪಾ ಇದು! ಪ್ರತಿ ಸಲ ನೀ ಊಟಕ್ಕ ಹೋದಾಗ ಉಪ್ಪು, ಮೆಣಸಿನಕಾಯಿ ನಿವಾಳಿಸಿ ಭಟ್ಟಿ ಬಾಯಾಗ ಹಾಕೇನಿ. ಈ ಸಲ ಬೊಗಸಿ ತುಂಬ ಉಪ್ಪು ಸುರುವೇನಿ. ಆದ್ರೂ ಬಿಡವಲ್ದು!"

ಚಂದಪ್ಪ ಹಾರೆ ಕೆಳಗಿಟ್ಟು, ತಗ್ಗುಬಿದ್ದ ಬಟ್ಟಲೊಂದನ್ನು ಎತ್ತಿ ನೋಡಿದ.

"ಆ ಬೆಂಕ್ಯಾಗ ಉಪ್ಪು ಹೊಗಿ ಆಗಿ ಬಟ್ಟಲದ ಮೈ ತಿಂತೈತಿ, ಚಿಗವ್ವ," ಎಂದ. ಆಮೇಲೆ, "ಭಟ್ಟ್ಯಾಗ ಏನೂ ಹಾಕಬ್ಯಾಡಂತ ನಾ ನಿನಗ ಹೇಳಬೇಕಿತ್ತು. ಹೇಳಲೇ ಇಲ್ಲ."

ಅಷ್ಟು ಸಲ ಸೋತು ದಣಿದಿದ್ದ ಅವನು ಭಟ್ಟಿಯನ್ನು ಮತ್ತೆ ಕಟ್ಟೋಣವೆನ್ನಲಿಲ್ಲ; ಕಟ್ಟು ಎನ್ನುವ ಬಾಯಿ ಅವಳಿಗೂ ಉಳಿದಿರಲಿಲ್ಲ. ಅವನು ಬಾಗಲಕೋಟೆಯ ಅಂಗಡಿಯೊಂದರಲ್ಲಿ ಗುಮಾಸ್ತನಾದ. ಬೋರವ್ವ ಹಿತ್ತಲ ಬಾಗಿಲು ತೆರೆಯುವುದನ್ನೇ ಬಿಟ್ಟಳು.

ಐದಾರು ವರ್ಷದ ಮೇಲೆ ಅವನು ಹೆಂಡತಿ ಶಾರವ್ವ ಮತ್ತು ಕೂಸಿನೊಂದಿಗೆ ಬಂದ. ಕೂಸು ಹಾಲು ಮುಟ್ಟದೆ ಒಂದೇ ಸಮ ಅಳುತ್ತಿತ್ತು. ಚಂದಪ್ಪ ತಾನೇ ಅಡುಗೆಮನೆಗೆ ಹೋಗಿ ಉಪ್ಪು ತಂದು ಬೋರವ್ವನ ಅಂಗೈಗೆ ಸುರಿದ.

"ದೃಷ್ಟಿ ತಗಿ, ಚಿಗವ್ವ."

ಅವಳ ಬೆರಳು ಮಡಚಲಿಲ್ಲ. ಉಪ್ಪನ್ನು ಹಾಗೇ ಶಾರವ್ವನ ಕೈಗೆ ಸುರಿದು, ಕೂಸಿನಿಂದ ದೂರ ಸರಿದು ನಿಂತಳು.

"ನೀನೇ ತಗಿಯವ್ವಾ. ನನ್ನ ಕೈ ಬ್ಯಾಡ."