ಸುರಂಗದಲ್ಲಿ ಹಾರಬೇಕಾದ ಕುದುರೆ

ಬೆಟ್ಟದ ರಸ್ತೆಯಲ್ಲಿ ಪ್ರವಾಸಿಗರ ಬಸ್ಸಿಗೆ ಗೈಡ್ ಆಗಿದ್ದವನನ್ನು ಎಲ್ಲರೂ ತಿರುವಣ್ಣ ಎಂದೇ ಕರೆಯುತ್ತಿದ್ದರು. ತಿರುವಿಗೊಂದರಂತೆ ಅವನ ಬಳಿ ಕಥೆ. ಜಲಪಾತ ದಾಟಿದ ಕುದುರೆಯ ಕಥೆಯನ್ನು ಒಂಟಿಮರದ ತಿರುವಿನಲ್ಲಿ ಶುರುಮಾಡಿದರೆ, ಕುದುರೆ ಹಾರುವುದಕ್ಕೂ ಕಿಟಕಿಯಲ್ಲಿ ಜಲಪಾತ ಕಾಣುವುದಕ್ಕೂ ಸರಿಹೋಗುತ್ತಿತ್ತು. ಅವನು ಬಾಯಿ ತೆರೆದರೆ ಬೆಟ್ಟ ಎರಡು ಗೇಣು ಬೆಳೆಯುತ್ತಿತ್ತು. ಸಾಯಬೇಕಿದ್ದ ಮುದುಕನೊಬ್ಬ ಕಥೆಯ ಕೊನೆ ಕೇಳಿ ಹೋಗೋಣವೆಂದು ಇನ್ನೂ ಬದುಕಿದ್ದಾನಂತೆ.

ಅಷ್ಟರಲ್ಲಿ ಅದೇ ಬೆಟ್ಟ ಕೊರೆದುಕೊಂಡು ಹೊಸ ರೈಲು ಬಂತು. ಬಸ್ಸಿನ ಮಾಲೀಕ ತಿರುವಣ್ಣನ ಅಕ್ಕನ ಗಂಡ.

"ಇವತ್ತು ಜನರನ್ನ ರೈಲಲ್ಲಿ ಕರ್ಕೊಂಡು ಹೋಗೋಣ. ಇಳಿದ್ಮೇಲೆ ಕೇಳ್ತೀನಿ. ರೈಲೇ ಸಾಕು ಅಂದ್ರೆ ಬಸ್ಸು ಮಾರ್ಬಿಡ್ತೀನಿ," ಅಂದ ಭಾವ.

"ನನ್ನ?"

"ನಿನ್ನ ಯಾರು ಕೊಂಡ್ಕೋತಾರೆ ಪುಣ್ಯಾತ್ಮ?"

ರೈಲಿನ ವೇಗವೋ, ಒಂದು ನಿಲ್ದಾಣದಲ್ಲಿ 'ಆ...' ಎಂದು ಶುರುವಾದ ಸೀನು ಮುಂದಿನ ನಿಲ್ದಾಣದಲ್ಲಿ 'ಕ್ಷೀ' ಎಂದು ಮುಗಿಯುತ್ತಿತ್ತು. ತಿರುವಣ್ಣ ಅತ್ತೆ-ಸೊಸೆ ಬಂಡೆಗಳ ಕಥೆ ಎತ್ತಿದ. ಕಥೆಯಲ್ಲಿ ಇನ್ನೂ ಮದುವೆಯೇ ಆಗಿರಲಿಲ್ಲ, ಅಷ್ಟರಲ್ಲಿ ಬಂಡೆಗಳು ಹಿಂದೆ ಹೋದವು.

"ಎಲ್ಲಪ್ಪಾ ಅತ್ತೆ-ಸೊಸೆ?" ಎಂದಳು ಕೋಲು ಹಿಡಿದ ಅಜ್ಜಿಯೊಬ್ಬಳು.

"ಬಂದು ಹೋದ್ರಜ್ಜಿ."

"ಜಗಳಾನೂ ಆಡ್ದೇನೆ?"

ಮತ್ತೆ ಬಾಯಿ ತೆರೆದರೆ ಯಾರೋ, "ಶ್! ನೋಡೋಕೆ ಬಿಡಿ," ಅಂದರು. ಎಲ್ಲರ ಮೂಗೂ ಗಾಜಿಗೆ ಅಂಟಿತ್ತು. ಸುರಂಗ ಬಂತು. ಇಲ್ಲಿ ತೋರಿಸುವುದಕ್ಕೇನಿದೆ? ಅವನೇ ಬಾಯಿ ಮುಚ್ಚಿಕೊಂಡ. ಎದುರಿಗೆ ಭಾವ ಅವನನ್ನೇ ನೋಡುತ್ತಿದ್ದ.

ಕೊನೆಯ ದೊಡ್ಡ ಸುರಂಗದ ನಡುವೆ ರೈಲು ನಿಂತಿತು. ದೀಪ ಆರಿತು. ಇರುವೆ ಕಾಲು ಬದಲಿಸಿದರೂ ಕೇಳುವಂಥ ಮೌನ. ಆಮೇಲೆ ಒಮ್ಮೆಲೇ ಕೂಗಾಟ.

"ಬಾಗಿಲು ತೆಗೀರಿ! ಉಸಿರು ಕಟ್ತಾ ಇದೆ!"

ಜನ ಎದ್ದು ನೂಕಾಡಿದರು. ಅಜ್ಜಿಯ ಕೋಲು ಬಿದ್ದ ಸದ್ದಾಯಿತು. ಭಾವನ ಬೆವರಿದ ಕೈ ತಿರುವಣ್ಣನ ತೋಳು ಹಿಡಿಯಿತು. "ಏನಾದ್ರೂ ಮಾಡೋ, ತುಳಿದಾಡಿ ಸಾಯ್ತಾರೆ!"

ತಿರುವಣ್ಣನಿಗೂ ಎದ್ದು ಓಡಬೇಕೆನಿಸಿತು. ಬಾಯಿ ಮಾತ್ರ ಹಳೇ ಕಸುಬುದಾರ.

"ಎಲ್ರೂ ಅಲ್ಲಲ್ಲೇ ಕೂತ್ಕೊಳ್ಳಿ! ಮೇಲೆ ಸದ್ದು ಕೇಳಿಸ್ತಾ? ನಮ್ಮ ನೆತ್ತಿ ಮೇಲೇ ಒಂಟಿಮರದ ತಿರುವು. ಅಲ್ಲೊಂದು ಕುದುರೆ ಕಾಲು ಕೆದರ್ತಾ ನಿಂತಿದೆ."

ನೂಕಾಟ ನಿಂತಿತು. ಎಲ್ಲರೂ ಕತ್ತಲಲ್ಲಿ ತಲೆ ಎತ್ತಿದರು.

"ಬೆನ್ನ ಮೇಲೆ ರಾಜಕುಮಾರ, ಹಿಂದೆ ಸೈನ್ಯ, ಮುಂದೆ ಜಲಪಾತ..."

"ಆಮೇಲೆ?" ಎಂದಳು ಅಜ್ಜಿ. ಒಬ್ಬೊಬ್ಬರಾಗಿ ಕೂತರು. ಕುದುರೆ ಹಿಂದೆ ಸರಿದು, ಓಡಿಬಂದು, ಅಂಚಿಗೆ ಕಾಲಿಟ್ಟಿತು, ಅಷ್ಟರಲ್ಲಿ ರೈಲು ಜಗ್ಗಿತು. ದೀಪ ಬಂತು, ಹಿಂದೆಯೇ ಬಿಸಿಲು. ಕಿಟಕಿ ತುಂಬ ಜಲಪಾತ, ನೋಡಿದವರೇ ಇಲ್ಲ.

"ಹಾರ್ತೋ ಇಲ್ವೋ ಹೇಳೋ!" ಅಜ್ಜಿ ಗದರಿದಳು.

ಇಳಿದ ಮೇಲೆ ಭಾವ ಕೇಳಿದ, "ಬಸ್ಸೋ, ರೈಲೋ?"

"ರೈಲೇ ಕಣಪ್ಪಾ, ಬೆನ್ನು ನೋಯಲ್ಲ. ಆದ್ರೆ ಆ ಕತ್ತಲಲ್ಲಿ ಇವನಿಲ್ದೆ ನಾನು ಕೂರಲ್ಲ," ಎಂದಳು ಅಜ್ಜಿ. ಉಳಿದವರೂ ಹೌದೆಂದರು.

ಭಾವ ಅವನನ್ನು ಪಕ್ಕಕ್ಕೆ ಕರೆದ. "ಬಸ್ಸು ಮಾರ್ತೀನಿ. ನೀನಿರು. ಬೆಳಕಲ್ಲಿ ಬಾಯಿ ಮುಚ್ಚು, ಸುರಂಗದಲ್ಲಿ ಬಿಚ್ಚು. ಆದ್ರೆ ದಿನಾ ರೈಲು ಕೆಟ್ಟು ನಿಲ್ಲಲ್ಲ. ಒಂದು ಕೆಮ್ಮು ಕೆಮ್ಮೋದ್ರಲ್ಲಿ ಸುರಂಗ ಮುಗಿಯುತ್ತೆ. ಅಷ್ಟರಲ್ಲಿ ಕುದುರೆ ಹಾರಬೇಕು, ನೋಡ್ಕೋ."

ವಾಪಸು ಬರುವಾಗ ರೈಲು ಎಲ್ಲಿಯೂ ನಿಲ್ಲಲಿಲ್ಲ. ದೊಡ್ಡ ಸುರಂಗ ಬಂದೊಡನೆ ತಿರುವಣ್ಣ ತುಟಿ ಅಲುಗಿಸುತ್ತ, ಕಥೆ ಗಿಡ್ಡವಾಗಲೆಂದು ಕುದುರೆಯ ಗೆಜ್ಜೆ ಬಿಚ್ಚಿದ, ಜೀನು ತೆಗೆದ, ಬೆನ್ನ ಮೇಲಿದ್ದ ರಾಜಕುಮಾರನನ್ನೂ ಇಳಿಸಿಬಿಟ್ಟ.

ಸುರಂಗ ಮುಗಿಯಿತು. ಕುದುರೆ ಇನ್ನೂ ಅಂಚಿನಲ್ಲೇ ನಿಂತಿತ್ತು.