ನನ್ನ ಮಾತು ನಡೆಯದಿರಲಿ ಎಂದು ಬೇಡಿಕೊಂಡೆ

ಬನಶಂಕರಿ ತಾಯಿಯನ್ನು ನಂಬಿದವರೇ, ಕೇಳಿ: ನನ್ನ ಮನೆಯವರೇ ನನಗೆ ಮೋಸ ಮಾಡಿದರು. ಆ ಮೋಸಕ್ಕಾಗಿ ತಾಯಿಗೆ ಕೈಮುಗಿದು ಇದನ್ನು ಬರೆಯುತ್ತಿದ್ದೇನೆ.

೧೯೮೩. ವೈದ್ಯಕೀಯ ಓದುತ್ತಿದ್ದ ನಾನು ಕೆಲವು ತಿಂಗಳ ಮಟ್ಟಿಗೆ ಇಂಗ್ಲೆಂಡಿನ ಆಸ್ಪತ್ರೆಯೊಂದಕ್ಕೆ ಹೋಗಿದ್ದೆ. ಇಳಕಲ್ಲಿನಿಂದ ಅವ್ವನ ಕಾಗದ ಬಂತು: ತಂಗಿ ಶಾಂತಾಳ ಒಂಬತ್ತು ತಿಂಗಳ ಮಗಳ ಜವಳ ತೆಗೆಸುತ್ತೇವೆ, ಹುಟ್ಟುಗೂದಲು ಬಾದಾಮಿಯ ಬನಶಂಕರಿಗೆ ಹರಕೆ. ಚರ್ಚಾಸ್ಪರ್ಧೆಗಳಲ್ಲಿ ಪಳಗಿದವನು ನಾನು. ನಾಲ್ಕು ಪುಟ ವಾದ ಬರೆದೆ. ದೇವಿಗೆ ಕೂದಲೇಕೆ, ಕೂಸಿನ ತಲೆಗೆ ಕತ್ತಿಯೇಕೆ? “ನೀ ಅಂದಂಗ ಆಗ್ಲಿ, ಬಿಟ್ಟೇವಿ” ಎಂದು ಉತ್ತರ ಬರುವಷ್ಟರಲ್ಲಿ ಎರಡು ತಿಂಗಳು ದಾಟಿತ್ತು. ಗೆದ್ದೆ ಎಂದುಕೊಂಡೆ.

ಮರುವಾರ ಆಪರೇಷನ್ ಥಿಯೇಟರಿನ ಮೂಲೆಯಲ್ಲಿ ನಿಂತಿದ್ದೆ. ನರ್ಸು ಕೂಸೊಂದರ ತಲೆ ಬೋಳಿಸಿದಳು. ನಡುನೆತ್ತಿಯುದ್ದಕ್ಕೂ ಎಲುಬಿನ ಏಣು. ಬುರುಡೆಯ ಬೆಸುಗೆ ಅಕಾಲದಲ್ಲಿ ಕೂಡಿ, ತಲೆ ಉದ್ದಕ್ಕೆ ಬೆಳೆದುಬಿಟ್ಟಿತ್ತು. “ವರ್ಷ ತುಂಬುವುದರೊಳಗೆ ಬಿಡಿಸಬೇಕು. ತಡವಾದರೆ ಕಣ್ಣಿಗೂ ಮಿದುಳಿಗೂ ಅಪಾಯ” ಎನ್ನುತ್ತ ಸರ್ಜನ್ ಎಲುಬಿನ ಪಟ್ಟಿಯನ್ನು ಕತ್ತರಿಸಿ ತೆಗೆದರು.

ತಂಗಿಯ ಕೂಸು ನೆನಪಾಯಿತು. ನಾನು ಇಂಗ್ಲೆಂಡಿಗೆ ಹೊರಡುವ ಮುನ್ನ ಶಾಂತಾ ಕೇಳಿದ್ದಳು: “ಅಣ್ಣಾ, ಕೂಸಿನ ತಲಿ ಉದ್ದ ಅನಸ್ತೈತಲ್ಲ?” ದಟ್ಟ ಕೂದಲ ಮೇಲೆ ಕೈಯಾಡಿಸಿ, “ನಿಂದ ತಲಿ ಕೆಟ್ಟೈತಿ” ಎಂದು ನಕ್ಕಿದ್ದೆ. ಆ ಕೂದಲು ತೆಗೆದಿದ್ದರೆ ಏಣು ಕಾಣುತ್ತಿತ್ತು. ತೆಗೆಯಬೇಡಿ ಎಂದವನೂ ನಾನೇ. ಕೂಸಿಗೆ ವರ್ಷ ತುಂಬಲು ಕೆಲವೇ ದಿನ ಉಳಿದಿತ್ತು.

ಎರಡು ದಿನ ಟ್ರಂಕ್ ಕಾಲ್ ಸಿಗಲಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕೂತು, ಹುಟ್ಟಿ ಮೊದಲ ಸಲ ಮನಸಾರೆ ಬೇಡಿಕೊಂಡೆ: ತಾಯೀ, ಅವರು ನನ್ನ ಮಾತು ಕೇಳದೇ ಇರಲಿ.

ಮೂರನೆಯ ದಿನ ನಮ್ಮ ಓಣಿಯ ಸೀರೆ ಅಂಗಡಿಗೆ ಫೋನ್ ಹತ್ತಿತು. ಅವ್ವನನ್ನು ಕರೆಸಿದರು.

“ಬೈಬ್ಯಾಡಪಾ. ಜವಳ ತಗಸೇವಿ.”

“ಬಿಟ್ಟೇವಿ ಅಂತ ಬರೆಸಿದ್ದಿ!”

“ವಾದದಾಗ ನಿನ್ನ ಗೆಲ್ಲಾಕ ಆಗ್ತೈತೇನೋ? ಅದಕ್ಕ ಹೂಂ ಅಂದ್ವಿ.”

ಗುಡಿಯಲ್ಲಿ ಅರ್ಧ ತಲೆ ಬೋಳಿಸಿದ ಕ್ಷೌರಿಕ ಕೈ ತಡೆದು, “ಎಲುಬು ಎದ್ದೈತ್ರಿ ಯವ್ವಾ, ಮೊದಲ ಡಾಕ್ಟರಿಗೆ ತೋರಸ್ರಿ” ಎಂದನಂತೆ. ಬಾದಾಮಿಯಿಂದ ಬಾಗಲಕೋಟೆಯ ಬಸ್ಸು ಹತ್ತಿದರು. ಅಲ್ಲಿಯ ಡಾಕ್ಟರರು ಮುಂಬೈಗೆ ಕಳಿಸಿದರು. ಆಪರೇಷನ್ ಆಗಿ ಎಂಟು ದಿನವಾಗಿತ್ತು, ಕೂಸು ಚೇತರಿಸಿಕೊಳ್ಳುತ್ತಿತ್ತು. ಮನೆಯಲ್ಲಿ ಡಾಕ್ಟರಾಗುವವನು ನಾನೊಬ್ಬ, ಸುದ್ದಿಯಿಲ್ಲದವನೂ ನಾನೊಬ್ಬನೇ.

“ನನಗ್ಯಾಕ ಹೇಳಲಿಲ್ಲ?”

“ನೀ ಮತ್ತ ನಾಕು ಪುಟ ಬರೀತಿದ್ದಿ.”

ಆಕಸ್ಮಿಕ ಎನ್ನುತ್ತಾನೆ ಗೆಳೆಯನೊಬ್ಬ. ಇರಬಹುದು, ಆದರೆ ಆ ಆಕಸ್ಮಿಕವನ್ನು ತಡೆಯಲು ನಾನು ನಾಲ್ಕು ಪುಟ ಬರೆದಿದ್ದೆ, ತಾಯಿ ಒಂದನ್ನೂ ನಡೆಯಗೊಡಲಿಲ್ಲ. ಬೇಸಿಗೆಯಲ್ಲಿ ಬಾದಾಮಿಗೆ ಹೋಗಿ ದೇವಿಗೆ ಉದ್ದಂಡ ನಮಸ್ಕಾರ ಹಾಕಿದೆ. ಅವ್ವ ಪಕ್ಕದಲ್ಲೇ ನಿಂತಿದ್ದಳು. ಸುಳ್ಳು ಬರೆಸಿದಳೆಂಬ ಮುನಿಸಿನಲ್ಲಿ ಆಕೆಯ ಜೊತೆ ಮಾತ್ರ ಅಂದೂ ಮಾತು ಬಿಟ್ಟಿದ್ದೆ.