ಬಾನಿಯ ನೀರು ಕುಡಿದವಳು

ನಾನು ಸೊಲ್ಲಾಪುರದ ಕಿರಾಣಿ ವ್ಯಾಪಾರಸ್ಥರ ಮಗಳು. ಎಪ್ಪತ್ತರ ದಶಕದಲ್ಲಿ ವಾಗದರಿಯ ಒಕ್ಕಲುತನದ ಮನೆಗೆ ಸೊಸೆಯಾಗಿ ಹೋದೆ. ದನದ ಮುಂದೆ ಹೇಗೆ ನಿಲ್ಲಬೇಕೆಂದು ನನಗೆ ಕಲಿಸಿದವಳು ನೆಗೆಣ್ಣಿ, ನನ್ನ ಗಂಡನ ಅಣ್ಣನ ಹೆಂಡತಿ. ಆ ಅಣ್ಣ ಹಾವು ಕಚ್ಚಿ ಸತ್ತಿದ್ದ. ಮಕ್ಕಳಿರಲಿಲ್ಲ. ಮೇವು, ನೀರು, ಸಗಣಿ ಎಲ್ಲ ಅವಳ ಪಾಲಿಗೇ ಬಂದಿತ್ತು.

ಒಂದು ಬೆಳಿಗ್ಗೆ ದೊಡ್ಡ ಎತ್ತು ಏಳಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಅದರ ಜೋಡಿಯೂ ಬಿತ್ತು, ಆಮೇಲೆ ಹಿಂಡುವ ಎಮ್ಮೆ. ಜ್ವರವಿಲ್ಲ, ಹೊಟ್ಟೆಯುಬ್ಬರವಿಲ್ಲ. ನಾಲಿಗೆ ಮಾತ್ರ ಹೊರಗೆ ಜೋತಿತ್ತು. ನೆಗೆಣ್ಣಿ ಒಳಗೆ ತಳ್ಳಿದರೆ ಮತ್ತೆ ಜಾರುತ್ತಿತ್ತು. ಕಣ್ಣು ತಿಳಿಯಾಗಿಯೇ ಇದ್ದವು. ರೆಪ್ಪೆಯ ಮೇಲಿನ ನೊಣ ಓಡಿಸಲಾಗದೆ ಅವು ನಮ್ಮನ್ನೇ ನೋಡುತ್ತಿದ್ದವು.

ಮಾವ ನೆಗೆಣ್ಣಿಯನ್ನು ಅಂಗಳಕ್ಕೆ ಕರೆದರು. ಓಣಿಯವರೆಲ್ಲ ಸೇರಿದ್ದರು.

"ಬಾನ್ಯಾಗ ಏನ್ ಹಾಕಿದಿ?"

"ನೀರ್ರೀ ಮಾವ. ದಿನಾ ಹಾಕೋದಽ ಹಾಕೀನಿ."

"ಹಂಗಾರ ಕುಡಿ."

ದನಗಳ ಜೊಲ್ಲು ತೇಲುತ್ತಿದ್ದ ಕಲ್ಲಿನ ಬಾನಿಯಲ್ಲಿ ತಂಬಿಗೆ ಅದ್ದಿ ಕೊಟ್ಟರು. ಅವಳು ಕುಡಿದಳು. ವಾಂತಿ ಮಾಡಿಕೊಂಡಾಗ ಮತ್ತೆ ತುಂಬಿಸಿದರು.

"ಸಾಕು ಬಿಡ್ರೀ ಮಾವ" ಎಂದೆ.

"ನಿನಗೂ ಒಂದ್ ತಂಬಿಗಿ ಬೇಕೇನು?"

ನನ್ನ ಗಂಡ ನನ್ನ ರಟ್ಟೆ ಹಿಡಿದು ಒಳಗೆ ಎಳೆದ. ಹೊರಗೆ ಅವಳು ಸಾಯುತ್ತಾಳೋ ಇಲ್ಲವೋ ನೋಡಲು ಜನ ಕುಳಿತೇ ಇದ್ದರು. ಸಾಯಲಿಲ್ಲ. "ವಿಷ ಇಳಿಸೋ ಉತಾರ ಆಕಿಗೇ ಗೊತ್ತೈತಿ, ಹಾಕಿದಾಕಿ ಆಕೀನೇ" ಎಂದರು ಅತ್ತೆ. ಮರುದಿನ ಪಕ್ಕದ ಮನೆಯವರ ಬಂಡಿಯಲ್ಲಿ ಅವಳನ್ನು ಹೋಟಗಿಯ ತವರಿಗೆ ಸಾಗಿಸಿದರು.

ಅಕ್ಕಲಕೋಟೆಯಿಂದ ದನದ ಡಾಕ್ಟರು ಬರುವಷ್ಟರಲ್ಲಿ ಎತ್ತುಗಳೆರಡೂ ಸತ್ತಿದ್ದವು. ಅವರು ಎಮ್ಮೆಯ ನಾಲಿಗೆ ಜಗ್ಗಿ ನೋಡಿ, ದನಕ್ಕೆ ಹಾಕುತ್ತಿದ್ದ ಜೋಳದ ಕಣಿಕೆಯ ಬಣವಿ ಬಿಚ್ಚಿಸಿದರು. ಒಳಗೆ ಬೆಕ್ಕೊಂದು ಸತ್ತು ಕೊಳೆತು, ಸುತ್ತಲಿನ ಕಣಿಕೆ ಕರ್ರಗಾಗಿತ್ತು.

"ಯಾರೂ ವಿಷ ಹಾಕಿಲ್ರಿ ಯಜಮಾನ್ರ. ಹೆಣ ಕೊಳತ್ರ ಅದರಾಗಽ ವಿಷ ಹುಟ್ಟತದ. ಬಾಟುಲಿಸಂ ಅಂತಾರ. ಮೊದಲ ಕಾಲು ಬೀಳ್ತಾವ, ಕಡೀಕ ಉಸಿರು ನಿಲ್ಲತದ. ಸೀಲ್ ಮಾಡಿದ ಡಬ್ಬ್ಯಾಗಿನ ಕೆಟ್ಟ ಊಟ ತಿಂದ್ರ ಮನಶ್ಯಾರಿಗೂ ಹಿಂಗಽ ಆಗ್ತದ."

"ಎಮ್ಮಿ ಉಳೀತದೇನ್ರಿ?"

"ಇಲ್ಲ."

ಮಾವ ಅವರಿಗೆ ಚಹಾ ಕೊಟ್ಟು ಕಳಿಸಿದರು. ಬಣವಿಗೆ ಬೆಂಕಿ ಇಡಿಸಿದರು. ನೆಗೆಣ್ಣಿಯನ್ನು ಕರೆತರೋಣವೇ ಎಂದು ನಾನು ಕೇಳಿದ್ದಕ್ಕೆ, "ಹೋದಾಕಿ ಹೋದ್ಲು. ಬೆಕ್ಕಿನ ಸುದ್ದಿ ಹೊಸ್ತಿಲ ದಾಟಬಾರದು" ಎಂದರು. ಆ ವರ್ಷ ಅವಳ ಗಂಡನ ಪಾಲಿನ ಹೊಲವನ್ನೂ ನಾವೇ ಬಿತ್ತಿದೆವು.

ಮುಂದೆ ಸೊಲ್ಲಾಪುರಕ್ಕೆ ಹೊರಟಾಗ ಹೋಟಗಿಯಲ್ಲಿ ಇಳಿದು ಅವಳ ಮನೆಗೆ ಹೋದೆ. ಗುರುತು ಸಿಗದಷ್ಟು ಸೊರಗಿದ್ದಳು. ತವರಿನವರೂ ಅವಳನ್ನು ಕೊಟ್ಟಿಗೆಯ ಹತ್ತಿರ ಬಿಡುತ್ತಿರಲಿಲ್ಲ. ಡಾಕ್ಟರು ಹೇಳಿದ್ದನ್ನೆಲ್ಲ ಹೇಳಿದೆ. ಅವಳು ನನ್ನ ಕೈ ಹಿಡಿದುಕೊಂಡಳು.

"ಇದನ್ನಽ ನಮ್ಮಣ್ಣಗ ಹೇಳವಾ. ನಾ ಹೇಳಿದ್ರ ನಂಬೂದಿಲ್ಲ."

ಅಣ್ಣನಿಗೂ ಹೇಳಿದೆ. ಅವನು ಪೂರ್ತಿ ಕೇಳಿಸಿಕೊಂಡು ನಕ್ಕ.

"ಹೊರಗ ಹಾಕಿದವ್ರೂ ನೀವಽ, ಈಗ ಬೆಕ್ಕಿನ ಕತಿ ಹೇಳಾವ್ರೂ ನೀವಽ? ಹೊಲ ಬಿಟ್ಟು ಕೊಡ್ತೀರೇನು? ಇಲ್ಲಂದ್ರ ನಡೀರಿ."

ನಾನು ಎದ್ದು ಹೊರಟೆ. ಅವಳು ಬಾಗಿಲವರೆಗೂ ಬರಲಿಲ್ಲ.